ಏಳು ಕಾಲಿನ ಕೆಂಚ ಪೊರೆ ಬಿಟ್ಟ ರಾತ್ರಿ

ನಮ್ಮ ಕೆಂಚನಿಗೆ ಏಳೇ ಕಾಲು. ಎಡಗಡೆಯ ಮೂರನೇ ಕಾಲು ಬುಡದಿಂದಲೇ ಇರಲಿಲ್ಲ. ಬೆಂಗಳೂರಿನಲ್ಲಿದ್ದ ಗೆಳೆಯನೊಬ್ಬ ಕೆಲಸ ಸಿಕ್ಕಿ ಹೊರದೇಶಕ್ಕೆ ಹೊರಟಾಗ ತಾನು ಸಾಕಿದ್ದ ಟರಾಂಟುಲಾ ಎಂಬ ದೊಡ್ಡ ಕೂದಲ ಜೇಡವನ್ನು ಡಬ್ಬಿ ಸಮೇತ ನನಗೆ ಒಪ್ಪಿಸಿ ಹೋದ. ಕೈಗೆ ಬರುವಾಗಲೇ ಅದು ಹಾಗಿತ್ತು. ಜೇಡಗಳಲ್ಲಿ ಇದು ಅಪರೂಪವೇನಲ್ಲ. ಕಾಲು ಎಲ್ಲಾದರೂ ಸಿಕ್ಕಿಕೊಂಡರೆ ಅಥವಾ ಗಾಯವಾಗಿ ರಕ್ತ ಸೋರತೊಡಗಿದರೆ ಬುಡದ ಕೀಲಿನಲ್ಲಿ ತಾವೇ ಕಾಲು ಕಳಚಿಕೊಂಡು ಜೀವ ಉಳಿಸಿಕೊಳ್ಳುತ್ತವೆ. ಹೋದ ಕಾಲು ಮತ್ತೆ ಬರುತ್ತದೆ, ಆದರೆ ನಡುವೆ ಯಾವಾಗಲೋ ಅಲ್ಲ, ಪೊರೆ ಬಿಡುವ ಹೊತ್ತಿನಲ್ಲಿ ಮಾತ್ರ.

ಈ ಮಾತು ಕೇಳಿದ ದಿನದಿಂದ ನನಗೆ ಅದೇ ಧ್ಯಾನ. ಅದಕ್ಕೆ ಕಾರಣ ನನ್ನ ಕಸುಬು. ನಾನು ದಾವಣಗೆರೆಯ ಒಂದು ಡೆಂಟಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡೆಂಟಲ್ ಕಾಲೇಜುಗಳಿರುವ ಊರು ಇದು, ಗಲ್ಲಿಗೊಂದು ಹಲ್ಲಿನ ಕ್ಲಿನಿಕ್ಕು, ಆದ್ದರಿಂದ ನಮ್ಮಂಥವರಿಗೆ ಕೈ ತುಂಬ ಕೆಲಸ. ಡಾಕ್ಟರು ಅಳತೆ ತೆಗೆದು ಕಳಿಸುತ್ತಾರೆ, ನಾವು ಅಚ್ಚು ಹೊಯ್ದು, ಮೇಣದಲ್ಲಿ ತಿದ್ದಿ, ಕ್ಯಾಪು, ಬ್ರಿಡ್ಜು, ಪೂರ್ತಿ ಸೆಟ್ಟು ಮಾಡಿಕೊಡುತ್ತೇವೆ. ಮನುಷ್ಯನಿಗೆ ಹಲ್ಲು ಬರುವುದು ಎರಡೇ ಸಲ. ಎರಡನೆಯದೂ ಹೋದ ಮೇಲೆ ದೇಹ ಕೈ ಚೆಲ್ಲುತ್ತದೆ, ಆಮೇಲೆ ನಮ್ಮ ಮೇಜಿಗೆ ಬರುತ್ತಾರೆ. ಎಷ್ಟೇ ಚೆನ್ನಾಗಿ ಮಾಡಿದರೂ ನಾವು ಕೊಡುವುದು ಬದಲಿ ಹಲ್ಲು, ಹುಟ್ಟಿದ ಹಲ್ಲಲ್ಲ. ದಿನವಿಡೀ ಈ ಕೆಲಸ ಮಾಡಿ ಮನೆಗೆ ಬಂದವನಿಗೆ, ಅಲಮಾರಿನ ಪಕ್ಕದ ಡಬ್ಬಿಯಲ್ಲಿ ಒಂದು ಜೀವ ಪೂರ್ತಿ ಕಾಲನ್ನೇ ತನ್ನೊಳಗೆ ತಯಾರು ಮಾಡಿಕೊಳ್ಳುತ್ತಾ ಕೂತಿದೆ ಅಂದರೆ ಹೇಗಾಗಬೇಡ.

ಕೆಂಚ ನಮ್ಮ ಸೀಮೆಯ ಜೇಡವಲ್ಲ. ಬ್ರೆಜಿಲ್‌ನ ಈಶಾನ್ಯ ಭಾಗದ ಪರಾಯಿಬಾ ರಾಜ್ಯದ ಜಾತಿ. ಸಾಕುವವರು ಸಾಲ್ಮನ್ ಪಿಂಕ್ ಅನ್ನುತ್ತಾರೆ, ವಿಜ್ಞಾನದ ಹೆಸರು ಲಾಸಿಯೊಡೋರಾ ಪರಾಹೈಬಾನಾ, 1917ರಲ್ಲಿ ಹೆಸರಿಟ್ಟದ್ದು. ಪೂರ್ತಿ ಬೆಳೆದರೆ ಕಾಲು ಚಾಚಿದಾಗ 20 ಸೆಂಟಿಮೀಟರಿಗೂ ಮೀರುತ್ತದೆ. ನಮ್ಮದಿನ್ನೂ ಅಂಗೈ ಅಗಲ. ಕಪ್ಪು ಮೈಮೇಲೆ ಉದ್ದುದ್ದ ಕೆಂಚು ಕೂದಲು, ಅದಕ್ಕೇ ಅಮ್ಮ ಆ ಹೆಸರಿಟ್ಟಳು. ಗಂಡೋ ಹೆಣ್ಣೋ ಗೊತ್ತಿಲ್ಲದೆ ಇಟ್ಟ ಹೆಸರು.

ಟರಾಂಟುಲಾ ಸಾಕಿದ್ದೇನೆ ಅಂದ ಕೂಡಲೇ ಕೆಲವರು ಮೊಬೈಲಿನಲ್ಲಿ ಒಂದು ನೀಲಿ ಜೇಡದ ಫೋಟೋ ತೋರಿಸಿ, ಇದು ಸಿಗುತ್ತಾ ಅಂತ ಕೇಳುತ್ತಾರೆ. ಆ ನೀಲಿ ಜೇಡದ ಹೆಸರಿಗೆ ಅಂಟಿರುವ ಊರು ಗುತ್ತಿ, ಚಿತ್ರದುರ್ಗ ದಾಟಿದರೆ ಸಿಗುವ ಅನಂತಪುರ ಜಿಲ್ಲೆಯದು. 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ಗುತ್ತಿಯಲ್ಲಿ ಸಿಕ್ಕ ಒಂದು ಜೇಡ ನೋಡಿ ಅದನ್ನು ವರ್ಣಿಸಿದ. ಆಮೇಲೆ ನೂರು ವರ್ಷ ಅದರ ಸುಳಿವೇ ಇರಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಕಂಡಿತು. ಇರುವುದೇ ಅಷ್ಟು ಚೂರು ಕಾಡಿನಲ್ಲಿ, ಅಳಿವಿನ ಅಂಚಿನಲ್ಲಿದೆ. 2019ರಲ್ಲಿ ಆ ಇಡೀ ಕುಲವನ್ನೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಸೇರಿಸಿದರು. ಅಂಥದ್ದನ್ನು ಕೊಳ್ಳಬೇಡಿ, ಕೇಳಲೂ ಬೇಡಿ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ ಸುತ್ತಾಡುವಾಗ ನೆಲದಲ್ಲಿ ಬಲೆ ಹಾಸಿದ ಬಿಲ ಕಂಡರೂ ನೋಡಿ ಬನ್ನಿ, ಅಗೆಯಬೇಡಿ. ಕಾಡಿನದು ಕಾಡಿನಲ್ಲಿರಲಿ. ಕೆಂಚ ಹುಟ್ಟಿದ್ದೇ ಸಾಕಿದವರ ಡಬ್ಬಿಯಲ್ಲಿ, ಅದಕ್ಕೆ ಹಿಂತಿರುಗಲು ಕಾಡಿಲ್ಲ, ಆ ಹೊಣೆ ನಮ್ಮದು.

ಈ ವರ್ಷದ ಶುರುವಿನಲ್ಲಿ ಕೆಂಚ ಊಟ ಬಿಟ್ಟಿತು. ಮೊಟ್ಟೆ ಟ್ರೇಗಳ ನಡುವೆ ನಾನು ಸಾಕಿಕೊಂಡಿರುವ ಡುಬಿಯಾ ಜಿರಳೆಯೇ ಅದರ ಊಟ (ಅಡುಗೆಮನೆಯ ಜಿರಳೆ ಕೊಡಬಾರದು, ಎಲ್ಲಿ ಯಾವ ಔಷಧಿ ತಿಂದು ಬಂದಿರುತ್ತದೋ). ಇಟ್ಟ ತಕ್ಷಣ ಎರಗುತ್ತಿದ್ದದ್ದು ಈಗ ಹುಳ ಕಾಲಿಗೆ ತಾಗಿದರೆ ಹಿಂದಕ್ಕೆ ಸರಿಯುತ್ತಿತ್ತು. ಕಾಯದೆ ಹುಳವನ್ನು ಹೊರಗೆ ತೆಗೆದೆ. ಮೈ ಮೆತ್ತಗಾಗಿರುವ ಹೊತ್ತಿನಲ್ಲಿ ಒಂದು ಮಿಡತೆ, ಒಂದು ಚಿಮ್ಮಂಡೆ ಕೂಡ ಟರಾಂಟುಲಾವನ್ನು ಕಡಿದು ಕೊಲ್ಲಬಲ್ಲದು.

ಅಮ್ಮನಿಗೆ ಚಿಂತೆ. "ಲೇ, ಇದು ಉಣ್ಣದು ಬಿಟ್ಟು ತಿಂಗಳ ಮ್ಯಾಲಾತು. ಇದಕ್ಕೂ ಒಬ್ರು ಡಾಕ್ಟ್ರು ಅದಾರೇನು ನೋಡು" ಅಂತ ದಿನಾ ರಾಗ. ನಾನು ಅವಳಿಗೆ ಹೊಟ್ಟೆಯ ಮೇಲಿನ ಬೋಳು ಜಾಗ ತೋರಿಸಿದೆ. ಅಮೆರಿಕ ಖಂಡದ ಬಹಳಷ್ಟು ಟರಾಂಟುಲಾಗಳು ಹೆದರಿದಾಗ ಹಿಂಗಾಲಿನಿಂದ ಹೊಟ್ಟೆ ಉಜ್ಜಿ ತುರಿಕೆ ಕೂದಲು ಹಾರಿಸುತ್ತವೆ. ಹಾರಿಸಿ ಹಾರಿಸಿ ಅಲ್ಲಿ ಬೋಳಾಗುತ್ತದೆ. ಕೆಂಚನ ಆ ಬೋಳು ಮೊದಲು ಚರ್ಮದ ಬಣ್ಣಕ್ಕಿತ್ತು, ಈಗ ದಿನದಿಂದ ದಿನಕ್ಕೆ ಕಪ್ಪಾಗುತ್ತಿತ್ತು. ಒಳಗೆ ಹೊಸ ಚರ್ಮ, ಅದರ ಮೇಲೆ ಹೊಸ ಕೂದಲು ಪೂರ್ತಿ ತಯಾರಾಗಿ, ಹಳೆಯದರ ಮೂಲಕ ಕಾಣುತ್ತಿರುವುದು ಅದು. "ಹಂಗಾರೆ ಒಳಗೆ ಇನ್ನೊಂದು ಕೆಂಚ ಕುಂತೈತಿ ಅನ್ನು" ಅಂದಳು. ಹೌದು ಅಂದೆ. ಆವತ್ತಿನಿಂದ ಅವಳ ರಾಗ ನಿಂತಿತು, ಬೆಳಿಗ್ಗೆ ದೇವರ ದೀಪ ಹಚ್ಚಿ ಬಂದು ಒಮ್ಮೆ ಬೋಳು ನೋಡಿ ಹೋಗುವ ರೂಢಿ ಶುರುವಾಯಿತು.

ಈ ಸಮಯದಲ್ಲಿ ಸಾಕುವವರು ಮಾಡಬೇಕಾದದ್ದು ಒಂದೇ, ನೀರು ನೋಡಿಕೊಳ್ಳುವುದು. ಹಳೇ ಚರ್ಮಕ್ಕೂ ಹೊಸದಕ್ಕೂ ನಡುವೆ ಒಂದು ದ್ರವ ಊರುತ್ತದೆ, ಅದು ಎರಡನ್ನೂ ಬಿಡಿಸುತ್ತದೆ. ದೇಹದಲ್ಲಿ ನೀರು ಕಡಿಮೆಯಿದ್ದರೆ ಪೊರೆ ಅರ್ಧಕ್ಕೆ ಸಿಕ್ಕಿಕೊಂಡು ಜೀವಕ್ಕೇ ಬರುತ್ತದೆ. ದಾವಣಗೆರೆಯ ಒಣ ಬೇಸಿಗೆ ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ನೀರಿನ ಬಟ್ಟಲು ಬತ್ತದಂತೆ ನೋಡಿಕೊಂಡೆ, ತಳಕ್ಕೆ ಹಾಸಿದ ಕೋಕೋಪೀಟಿನ (ತೆಂಗಿನ ನಾರಿನ ಪುಡಿ) ಒಂದು ಮೂಲೆಗೆ ಮಾತ್ರ ನೀರು ಹಾಕಿ ನೆನೆಸಿಟ್ಟೆ. ಡಬ್ಬಿಯ ಗಾಳಿ ತೂತುಗಳನ್ನು ಲ್ಯಾಬಿನ ಮೈಕ್ರೋಮೋಟರಿನಲ್ಲಿ ನಾನೇ ಕೊರೆದದ್ದು, ಸಣ್ಣವು, ಎರಡೂ ಬದಿಗೆ.

ಅಷ್ಟರಲ್ಲಿ ಜಾತ್ರೆ ಬಂತು. ನಗರದೇವತೆ ದುಗ್ಗಮ್ಮನ ಜಾತ್ರೆ ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ. ಆ ವಾರ ದಾವಣಗೆರೆಯ ಯಾವ ಮನೆಯಲ್ಲೂ ಕಾಲಿಡಲು ಜಾಗವಿರುವುದಿಲ್ಲ. ನಮ್ಮ ಮನೆ ಹಳೇ ಪೇಟೆಯ ಕಡೆ, ಗುಡಿಗೆ ನಡೆದು ಹೋಗುವಷ್ಟು ಹತ್ತಿರ. ಹರಪನಹಳ್ಳಿಯಿಂದ ಅತ್ತೆ, ಅವರ ಮಕ್ಕಳು ಮೊಮ್ಮಕ್ಕಳು, ಹರಿಹರದ ಚಿಕ್ಕಪ್ಪನವರು, ಎಲ್ಲ ಬಂದಿಳಿದರು. ಹೊರಗೆ ಡೊಳ್ಳು, ಡಿಜೆ. ನನಗೆ ಭಯವಾದದ್ದು ಡಿಜೆಯದೇ. ಟರಾಂಟುಲಾಕ್ಕೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ, ಅದು ಲೋಕವನ್ನು ತಿಳಿಯುವುದು ಹೆಚ್ಚಾಗಿ ಕಂಪನದಿಂದ. ಕಾಲಿನ ಸೂಕ್ಷ್ಮ ಕೂದಲು ಗಾಳಿಯ ಅಲುಗಾಟವನ್ನೂ ಹಿಡಿಯುತ್ತದೆ. ಬೀದಿಯಲ್ಲಿ ಸ್ಪೀಕರ್ ಗಾಡಿ ಹಾದಾಗ ನಮ್ಮ ಗೋಡೆಯೇ ಗಡಗುಟ್ಟುತ್ತಿತ್ತು. ಡಬ್ಬಿಯನ್ನು ಹಿತ್ತಲ ಕಡೆಯ ಕೋಣೆಗೆ ಒಯ್ದು, ಮಡಿಚಿದ ಎರಡು ಕಂಬಳಿಯ ಮೇಲಿಟ್ಟು, ಮಕ್ಕಳು ಬಾರದಂತೆ ಚಿಲಕ ಹಾಕಿದೆ.

ಹೋಳಿಗೆ ಊಟದ ದಿನ ಮುಗಿದಿತ್ತು. ರಾತ್ರಿ ಹತ್ತರ ಸುಮಾರಿಗೆ ಬಟ್ಟಲಿಗೆ ನೀರು ಹಾಕಲು ಹೋದೆ. ಕೆಂಚ ನೆಲದ ಮೇಲೆ ಬಿಳಿ ನೂಲಿನ ಹಾಸು ನೇಯ್ದು, ಅದರ ಮೇಲೆ ಅಂಗಾತ ಮಲಗಿತ್ತು. ಏಳೂ ಕಾಲು ಮೇಲಕ್ಕೆ, ಅರ್ಧ ಮಡಿಚಿ. ನನ್ನ ಹಿಂದೆಯೇ ಬಂದಿದ್ದ ಅತ್ತೆ ಇಣುಕಿ ನೋಡಿ, "ಅಯ್ಯೋ, ಅಂಗಾತ ಬಿದ್ದೈತಲ್ಲಪ್ಪಾ. ಸತ್ತೋತೇನೋ ಪಾಪ. ಕಡ್ಡಿ ತಗೊಂಡು ಹೊಳ್ಳಿಸ್ಲಾ?" ಅಂದರು.

"ಬ್ಯಾಡ ಅತ್ತೆ. ಪೊರೆ ಬಿಡಾಕತ್ತೈತಿ."

ಬಹಳ ಜನ ಮೋಸ ಹೋಗುವುದು ಇಲ್ಲೇ. ಸಾಯುವ ಟರಾಂಟುಲಾ ಸಾಮಾನ್ಯವಾಗಿ ಅಂಗಾತ ಬೀಳುವುದಿಲ್ಲ. ನೆಟ್ಟಗೆ ಕೂತಲ್ಲೇ ಕಾಲುಗಳನ್ನು ಹೊಟ್ಟೆಯಡಿಗೆ ಸುರುಟಿಕೊಳ್ಳುತ್ತದೆ. ಅದರ ದೊಡ್ಡ ಕೀಲುಗಳಲ್ಲಿ ಕಾಲು ಮಡಿಚಲು ಸ್ನಾಯು ಇದೆ, ಚಾಚಲು ಇಲ್ಲ. ಚಾಚುವುದು ರಕ್ತದ ಒತ್ತಡದಿಂದ. ಜೀವ ಹೋಗುವಾಗ ಒತ್ತಡ ಇಳಿಯುತ್ತದೆ, ಕಾಲು ಒಳಕ್ಕೆ ಸುರುಟುತ್ತದೆ. ಅಂಗಾತ ಮಲಗಿದ್ದರೆ ಹೆಚ್ಚಾಗಿ ಅದು ಕೆಲಸದಲ್ಲಿದೆ ಅಂತ ಅರ್ಥ. ಆಗ ಹೊರಳಿಸಿದರೆ, ಡಬ್ಬಿ ಎತ್ತಿದರೆ, ಬೆರಳು ತಾಗಿಸಿದರೆ ಕೊಂದಂತೆಯೇ. ಅತ್ತೆಗೆ ಇಷ್ಟು ಹೇಳಿದೆ. ಅವರು ಹೋಗಲಿಲ್ಲ, ಬಾಗಿಲ ಹತ್ತಿರ ಚಾಪೆ ಹಾಕಿಕೊಂಡು ಕೂತರು. ಹೊರಗೆ ಬೀದಿಯಲ್ಲಿ ಇಡೀ ಊರು ಎಚ್ಚರವಾಗಿತ್ತು, ಒಳಗೆ ನಾವಿಬ್ಬರು.

ಮೊಬೈಲ್ ಟಾರ್ಚಿಗೆ ಕೆಂಪು ಕಾಗದ ಸುತ್ತಿ ದೂರದಲ್ಲಿಟ್ಟೆ. ಲ್ಯಾಬಿನಲ್ಲಿ ಕಣ್ಣಿಗೆ ಹಾಕುವ ಭೂತಗನ್ನಡಿ, ಲೂಪ್, ಮನೆಯಲ್ಲೇ ಇತ್ತು. ಡಬ್ಬಿ ಪಾರದರ್ಶಕ, ಪಕ್ಕದಿಂದ ನೋಡಿದರೆ ಬೆನ್ನಿನ ಅಂಚೂ ಕಾಣುತ್ತದೆ.

ಮೊದಲು ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಎದೆಭಾಗ ಸಣ್ಣಗೆ ಉಬ್ಬಿ ಇಳಿಯತೊಡಗಿತು. ಹೊಟ್ಟೆಯಲ್ಲಿರುವ ರಕ್ತವನ್ನು ಅದು ಮುಂದಕ್ಕೆ, ಎದೆಯ ಕಡೆಗೆ ಒತ್ತುತ್ತದೆ. ಹೊಟ್ಟೆ ಕುಗ್ಗಿ ಸುಕ್ಕುಗಟ್ಟುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಒತ್ತಿ ಒತ್ತಿ, ಕಾಲುಗಳ ಬುಡಕ್ಕೂ ಬೆನ್ನ ಚಿಪ್ಪಿಗೂ ನಡುವಿನ ಮೆದು ಅಂಚು ಬಿರಿಯಿತು. ಸದ್ದಿಲ್ಲ. ಒಂದು ಬಿಳಿ ಗೆರೆ ಕಂಡಿತು, ಅಗಲವಾಯಿತು, ಚಿಪ್ಪು ಪೂರ್ತಿ ಬಿಡಿಸಿಕೊಂಡು ಬೆನ್ನ ಕೆಳಗೆ ಉಳಿಯಿತು. ಹೊಟ್ಟೆಯ ಚರ್ಮ ಎರಡೂ ಪಕ್ಕ ಸೀಳಿತು.

ಇನ್ನು ಕಾಲು ಎಳೆಯುವ ಕೆಲಸ. ಹಳೇ ಕಾಲಿನೊಳಗಿಂದ ಹೊಸ ಕಾಲು ಅಷ್ಟಷ್ಟೇ ಹೊರಗೆ ಬರಬೇಕು, ಉಗುರಿನ ತನಕ, ಒಂದೊಂದು ಕೂದಲಿನ ತನಕ. ಎಳೆದು ನಿಲ್ಲುತ್ತದೆ, ಉಸಿರಾಡುತ್ತದೆ, ಮತ್ತೆ ಎಳೆಯುತ್ತದೆ. ಎಲ್ಲ ಕಾಲೂ ಒಟ್ಟಿಗೇ, ಒಂದೇ ತಾಳಕ್ಕೆ. ಹೊಸ ಕಾಲಿನ ಕೀಲುಗಳು ತಿಳಿ ಬಣ್ಣ, ಒದ್ದೆ, ಎಷ್ಟು ಮೆದು ಅಂದರೆ ಹೊರಬರುವಾಗ ಕೀಲಿಲ್ಲದ ಕಡೆಯಲ್ಲೂ ಬಾಗುತ್ತಿದ್ದವು. ಕಾಲು ಮಾತ್ರವಲ್ಲ, ಕೋರೆಹಲ್ಲಿನ ಕವಚ, ಗಂಟಲಿನ ಒಳಪದರ, ಹೀರುವ ಹೊಟ್ಟೆಯ ಒಳಪದರ, ಉಸಿರಾಡುವ ಅಂಗದ ಒಳಹಾಳೆಗಳು, ಎಲ್ಲವೂ ಈ ಹೊತ್ತಿನಲ್ಲೇ ಹಳೇ ಚರ್ಮದ ಜೊತೆ ಹೊರಗೆ ಬರುತ್ತವೆ. ಉಸಿರಾಡುತ್ತಿರುವಾಗಲೇ ಉಸಿರಿನ ಅಂಗದ ಒಳಪದರ ಬದಲಿಸಿಕೊಳ್ಳುವುದು ಅಂದರೆ ಏನು, ಯೋಚಿಸಿ ನೋಡಿ. ನಾನು ಲೂಪ್ ತೆಗೆದು ಕಣ್ಣೊರೆಸಿಕೊಂಡೆ.

"ಎಷ್ಟು ಕಷ್ಟ ಬೀಳ್ತೈತೋ ಪಾಪ," ಅತ್ತೆ ಮೆಲ್ಲಗೆ ಅಂದರು, "ಹತ್ರ ಯಾರೂ ಇಲ್ಲಲ್ಲ ಅದಕ್ಕೆ." ನಾಲ್ಕು ಮಕ್ಕಳ ತಾಯಿ ಅವರು. ಯಾವ ಕಷ್ಟ ನೆನೆದು ಹೇಳಿದರೋ.

ನನ್ನ ಕಣ್ಣು ಎಡಗಡೆಯ ಆ ಖಾಲಿ ಬುಡದ ಮೇಲೆ. ಕಾಲು ಹೋದ ಜಾಗದಲ್ಲಿ ಉಳಿದಿರುವ ಗೂಡಿನಂಥ ಮೊಟಕಿನೊಳಗೆ ಹೊಸ ಕಾಲು ಮಡಿಚಿಕೊಂಡೇ ಬೆಳೆದಿರುತ್ತದೆ. ಪೊರೆಗೆ ತೀರಾ ಹತ್ತಿರದಲ್ಲಿ ಕಾಲು ಹೋಗಿದ್ದರೆ ಬೆಳೆಯಲು ಸಮಯ ಸಾಲದು, ಮುಂದಿನ ಸಲಕ್ಕೆ ಕಾಯಬೇಕು. ನಮ್ಮದಕ್ಕೆ ಸಮಯ ಸಿಕ್ಕಿದೆಯೋ ಇಲ್ಲವೋ ತಿಳಿಯುವ ದಾರಿಯಿರಲಿಲ್ಲ. ಬೇರೆ ಕಾಲುಗಳು ಮುಕ್ಕಾಲು ಪಾಲು ಹೊರಬಂದ ಮೇಲೆ ಆ ಬುಡದಲ್ಲಿ ಏನೋ ಅಲುಗಿತು. ತೆಳ್ಳಗಿನ, ಹೆಚ್ಚು ಕಡಿಮೆ ಬಿಳಿಯ ಒಂದು ಕಡ್ಡಿ ಹೊರಗೆ ಬಂತು. ಒದ್ದೆಯಾಗಿ ಮೈಗೆ ಅಂಟಿಕೊಂಡಿತ್ತು. ರಕ್ತ ಏರಿದ ಹಾಗೆಲ್ಲ ಅದು ಮಡಿಕೆ ಬಿಡಿಸಿಕೊಂಡು ಉದ್ದವಾಯಿತು, ಕೀಲು ತೋರಿತು, ತುದಿ ಅಲ್ಲಾಡಿತು. ಉಳಿದವುಗಳ ಅರ್ಧದಷ್ಟು ಉದ್ದ, ಗಾತ್ರದಲ್ಲಿ ಇನ್ನೂ ಕಮ್ಮಿ. ಕೂದಲೂ ವಿರಳ. ಆದರೆ ಕಾಲು, ಎಲ್ಲ ಕೀಲುಗಳಿರುವ, ತುದಿಯಲ್ಲಿ ಉಗುರಿರುವ ಕಾಲು.

ಎಷ್ಟೋ ವರ್ಷದಿಂದ ಮೇಣದಲ್ಲಿ ಹಲ್ಲು ಕೆತ್ತುತ್ತಿದ್ದೇನೆ. ದವಡೆಯ ಹಲ್ಲಿನ ಒಂದು ಉಬ್ಬು, ಒಂದು ಗೆರೆ ಸರಿ ಬರದಿದ್ದರೆ ಅಗಿಯುವಾಗ ತಾಗುತ್ತದೆ ಅಂತ ಮತ್ತೆ ಮತ್ತೆ ತಿದ್ದುತ್ತೇನೆ. ಇಲ್ಲಿ ಯಾರೂ ಅಳತೆ ತೆಗೆದಿಲ್ಲ, ಯಾರೂ ಅಚ್ಚು ಹೊಯ್ದಿಲ್ಲ. ಆ ಕಾಲನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚು ಆಗಲಿಲ್ಲ, ತುಂಬ ಸಂತೋಷವಾಯಿತು, ಅಷ್ಟೇ ದುಃಖವೂ ಆಯಿತು. ಸೆಟ್ಟು ಹಾಕಿಸಿಕೊಂಡು ಹೋಗುವ ಮುದುಕರ ಮುಖಗಳು ಕಣ್ಣೆದುರು ಬಂದವು.

ಪೊರೆ ಪೂರ್ತಿ ಬಿಟ್ಟಾಗ ಮೂರು ಗಂಟೆಯ ಮೇಲಾಗಿತ್ತು. ಅತ್ತೆ ಕೂತಲ್ಲೇ ನಿದ್ದೆ ಹೋಗಿದ್ದರು. ಎಬ್ಬಿಸಿ ತೋರಿಸಿದೆ. ಎಣಿಸಿ, "ಎಂಟು" ಅಂದರು, ಕೈಮುಗಿದು ಒಳಗೆ ಹೋದರು.

ಬೆಳಿಗ್ಗೆ ಕೆಂಚ ಹೊರಳಿ ನೆಟ್ಟಗೆ ನಿಂತಿತ್ತು, ಪಕ್ಕದಲ್ಲಿ ಹಳೇ ಕೆಂಚ. ಹೊಸದರ ಕಪ್ಪು ಎಷ್ಟು ಗಾಢವೆಂದರೆ ಕೆಂಚು ಕೂದಲು ಬೇರೆ ಬೇರೆಯಾಗಿ ಎದ್ದು ಕಾಣುತ್ತಿತ್ತು. ನಾನು ಹುಡುಕಿದ್ದು ಕೋರೆಹಲ್ಲು. ಆಗ ತಾನೇ ಪೊರೆ ಬಿಟ್ಟ ಟರಾಂಟುಲಾದ ಕೋರೆ ಹಾಲುಬಿಳಿ, ಕಚ್ಚಿದರೆ ಅದೇ ಮುರಿಯುತ್ತದೆ. ಕೆಲವು ದಿನಕ್ಕೆ ಕೆಂಪಾಗುತ್ತದೆ, ಆಮೇಲೆ ಕಪ್ಪು. ಕಪ್ಪಾಗುವ ತನಕ ಊಟ ಹಾಕಬಾರದು. ನಮ್ಮ ಲ್ಯಾಬಿನಲ್ಲಿ ಡೆಂಟಲ್ ಸ್ಟೋನ್ ಎಂಬ ಅಚ್ಚಿನ ಪುಡಿ ಕಲಸಿ ಅಚ್ಚಿಗೆ ಸುರಿದ ಮೇಲೆ, ಮೇಲ್ಮೈ ಗಟ್ಟಿಯಾದಂತೆ ಕಂಡರೂ ಒಳಗೆ ಬಿಸಿ ಆರುವ ತನಕ ಯಾರೂ ಕೈ ಹಾಕುವುದಿಲ್ಲ, ಕೆಂಚನ ಮೈಯೂ ಆ ದಿನಗಳಲ್ಲಿ ಹಾಗೇ. ಬಾಡೂಟಕ್ಕೆ ಬಂದ ಹುಡುಗರೆಲ್ಲ ಏನಾದರೂ ತಿನ್ನಿಸೋಣ ಅಂತ ದುಂಬಾಲು ಬಿದ್ದರು. ಕೋರೆ ಇನ್ನೂ ಬಿಳಿ, ಅದು ಕಪ್ಪಾಗಲಿ ಅಂದೆ. ಬಾಗಿಲ ಚಿಲಕ ತೆಗೆಯಲಿಲ್ಲ.

ಹಳೇ ಪೊರೆಯನ್ನು ಚಿಮಟದಲ್ಲಿ ಹಿಡಿದು ಹೊರತೆಗೆದೆ, ಕೈಗವಸು ಮಾಸ್ಕು ಹಾಕಿಕೊಂಡೇ. ಅದರ ಹೊಟ್ಟೆಯ ಭಾಗದಲ್ಲೂ ತುರಿಕೆ ಕೂದಲು ಇರುತ್ತದೆ. ಎದೆಯ ಭಾಗ ಒಣಗಿ ಆಕಾರ ಹಿಡಿದು ನಿಂತಿತ್ತು, ಕಣ್ಣಿನ ಜಾಗದಲ್ಲಿ ಎಂಟು ಪುಟ್ಟ ಪಾರದರ್ಶಕ ಉಬ್ಬು, ಕೆಳಗೆ ಕೋರೆಯ ಎರಡು ಕಪ್ಪು ಕವಚ. ಹೊಟ್ಟೆಯ ಭಾಗ ಮಾತ್ರ ಸುಕ್ಕಿ ಮುದ್ದೆಯಾಗಿತ್ತು. ಗಂಡೋ ಹೆಣ್ಣೋ ತಿಳಿಯುವುದು ಅದರಲ್ಲೇ. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ನೆನೆಸಿ, ಮೇಣ ತಿದ್ದುವ ಸಣ್ಣ ಉಪಕರಣದಿಂದ ಮಡಿಕೆ ಬಿಡಿಸಿ, ಗಾಜಿನ ಮೇಲೆ ಹರಡಿದೆ. ಒಳಗಡೆಯಿಂದ ನಾಲ್ಕು ಬಿಳಿ ತೇಪೆ ಕಾಣುತ್ತವೆ, ಅವು ಉಸಿರಾಟದ ಅಂಗದ ಹಾಳೆಗಳು. ಮುಂದಿನ ಎರಡರ ನಡುವೆ, ಸೀಳಿನ ಮೇಲೆ, ಪುಟ್ಟ ಚೀಲದಂಥ ಮಡಿಕೆ ಎದ್ದು ನಿಂತಿದ್ದರೆ ಹೆಣ್ಣು. ಗಂಡಿನ ಬೀಜವನ್ನು ಕಾಪಿಡುವ ಚೀಲ ಅದು, ಅದರ ಒಳಪದರವೂ ಪೊರೆಯಲ್ಲೇ ಬಂದಿರುತ್ತದೆ.

ಇತ್ತು. ಲೂಪಿನಲ್ಲಿ ಸ್ಪಷ್ಟವಾಗಿ ಕಂಡಿತು.

ಇದರಿಂದ ಬಹಳ ವ್ಯತ್ಯಾಸವಿದೆ. ಗಂಡು ಪ್ರಾಯಕ್ಕೆ ಬರುವ ಪೊರೆಯೇ ಸಾಮಾನ್ಯವಾಗಿ ಅದರ ಕೊನೆಯ ಪೊರೆ, ಆಮೇಲೆ ಹೆಚ್ಚು ಕಾಲ ಬದುಕುವುದಿಲ್ಲ. ಹೆಣ್ಣು ದೊಡ್ಡದಾದ ಮೇಲೂ ಪೊರೆ ಬಿಡುತ್ತಲೇ ಇರುತ್ತದೆ, ಹತ್ತು ವರ್ಷ ದಾಟಿ ಬದುಕುತ್ತದೆ. ಅಂದರೆ ಆ ಸಣ್ಣ ಕಾಲಿಗೆ ಮುಂದಿನ ಪೊರೆಗಳಲ್ಲಿ ಉಳಿದವುಗಳ ಸಮಕ್ಕೆ ಬರಲು ಅವಕಾಶವಿದೆ. ಅಮ್ಮನಿಗೆ ಹೇಳಿದೆ. "ಹಂಗಾರೆ ಕೆಂಚಮ್ಮ" ಅಂದಳು, ಹೆಸರು ಆವತ್ತೇ ಬದಲಾಯಿತು.

ಕೋರೆ ಕಪ್ಪಾದ ಮೇಲೆ ಇನ್ನೂ ಸ್ವಲ್ಪ ದಿನ ತಡೆದು, ಒಂದು ಸಣ್ಣ ಡುಬಿಯಾ ಬಿಟ್ಟೆ. ಕೆಂಚಮ್ಮ ಅದು ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಡಿದಳು. ತಿಂದು ಮುಗಿಸಿ, ನೀರಿನ ಬಟ್ಟಲಿಗೆ ಬಾಯಿಟ್ಟು ಬಹಳ ಹೊತ್ತು ಕುಡಿದಳು.

ಅತ್ತೆ ಹರಪನಹಳ್ಳಿಯಿಂದ ಫೋನ್ ಮಾಡಿ ಮೊದಲು ಕೇಳುವುದೇ ಅವಳ ಸುದ್ದಿ. ಮೊನ್ನೆ ಊಟ ಮಾಡಿದ್ದು ಹೇಳಿದಾಗ, "ಆ ಪೊರೆ ಒಗಿಬ್ಯಾಡ, ನಮ್ಮ ಹುಡುಗರು ಅವತ್ತು ನೋಡಲಿಲ್ಲ, ಇಲ್ಲಿಗೆ ಕಳಿಸು" ಅಂದರು. ಕೂದಲು ಕೈಗೆ ತಾಗಿದರೆ ತುರಿಸುತ್ತದೆ, ತೆಗೆದು ಮುಟ್ಟಬಾರದು ಅಂದೆ. ಗಾಜಿನ ಮುಚ್ಚಳ ಹಾಕಿ ಕಳಿಸು ಅಂದರು. ಭಾನುವಾರ ಲ್ಯಾಬಿಗೆ ರಜೆ, ಅಳತೆಗೆ ಸರಿಯಾದ ಡಬ್ಬಿ ನಾನೇ ಮಾಡಿ, ಕೆಳಗೆ ಹತ್ತಿ ಹಾಸಿ, ಕಾಲುಗಳನ್ನು ಬಿಡಿಸಿಟ್ಟು ಒಯ್ದು ಕೊಟ್ಟು ಬರುತ್ತೇನೆ.